ಲ್ಯಾಪ್‌ಟಾಪ್‌ಗೆ ಯಾವ ಹಾರ್ಡ್ ಡಿಸ್ಕ್?

ಮಕ್ಕಳೇ, ಶಾಲೆಯ ಹಳೆಯ ಲ್ಯಾಪ್‌ಟಾಪ್ ನಿಧಾನವಾಯಿತೆಂದು ಮೂಲೆಗೆ ಸೇರಿಸಬೇಕೇ? ಬೇಕಿಲ್ಲ. ಹಾರ್ಡ್ ಡಿಸ್ಕ್ ಬದಲಿಸಿದರೆ ಅದು ಎಷ್ಟೋ ಸಲ ಚುರುಕಾಗುತ್ತದೆ.

ಹಾರ್ಡ್ ಡಿಸ್ಕಿನೊಳಗೆ ಕಾಂತೀಯ ಲೇಪನವಿರುವ ತಟ್ಟೆಗಳು ತಿರುಗುತ್ತಿರುತ್ತವೆ. ಬೇಕಾದ ಮಾಹಿತಿಯಿರುವ ಜಾಗ ಸುತ್ತಿ ಬರುವವರೆಗೆ ಕಂಪ್ಯೂಟರ್ ಕಾಯಬೇಕು. ನಿಮಿಷಕ್ಕೆ 5400 ಸುತ್ತು ಎಂದರೆ ಸೆಕೆಂಡಿಗೆ 90 ಸುತ್ತು. 7200 ಆದರೆ ಎಷ್ಟು? 7200 ÷ 60 = 120. ಸುತ್ತು ಹೆಚ್ಚಿದಂತೆ ಕಾಯುವ ಸಮಯ ಕಡಿಮೆಯಾಗುತ್ತದೆ. ಎಸ್‌ಎಸ್‌ಡಿಯಲ್ಲಿ ತಟ್ಟೆಯೇ ಇಲ್ಲ, ಮಾಹಿತಿ ಚಿಪ್‌ಗಳಲ್ಲಿರುತ್ತದೆ. ಆದ್ದರಿಂದ ಅದು ಇನ್ನೂ ವೇಗ.

ವೇಗವೊಂದೇ ಸಾಲದು, ಡಿಸ್ಕ್ ಲ್ಯಾಪ್‌ಟಾಪ್‌ಗೆ ಹೊಂದಬೇಕು. ಕೊಳ್ಳುವ ಮುನ್ನ ಇವನ್ನು ಗಮನಿಸಿ:

1. ಗಾತ್ರ: ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ 2.5 ಇಂಚಿನ ಡಿಸ್ಕ್ ಇರುತ್ತದೆ. ಡೆಸ್ಕ್‌ಟಾಪ್‌ನ 3.5 ಇಂಚಿನದು ಅದರಲ್ಲಿ ಹಿಡಿಸದು.

2. ದಪ್ಪ: 7 ಮಿ.ಮೀ. ಜಾಗದಲ್ಲಿ 9.5 ಮಿ.ಮೀ. ಡಿಸ್ಕ್ ಕೂರದು.

3. ಜೋಡಣೆ: ತುಂಬಾ ಹಳೆಯವುಗಳಲ್ಲಿ ಎರಡು ಸಾಲು ಪಿನ್‌ಗಳ ಐಡಿಇ, ನಂತರದವುಗಳಲ್ಲಿ ಚಪ್ಪಟೆಯಾದ ಸಾಟಾ. ಒಂದರ ಜಾಗದಲ್ಲಿ ಇನ್ನೊಂದು ಕೂಡದು.

ಎಚ್ಚರಿಕೆ! ಹಳೆಯ ಡಿಸ್ಕ್ ತೆಗೆದರೆ ಅದರಲ್ಲಿರುವ ಪಾಠ, ಚಿತ್ರಗಳೂ ಅದರ ಜೊತೆಗೇ ಹೋಗುತ್ತವೆ. ಮೊದಲು ಎಲ್ಲದರ ಪ್ರತಿ ತೆಗೆದಿಡಿ.

ಮಾಡಿ ನೋಡಿ: ಕೆಟ್ಟುಹೋದ ಹಾರ್ಡ್ ಡಿಸ್ಕ್ ಸಿಕ್ಕರೆ ಶಿಕ್ಷಕರ ಸಹಾಯದಿಂದ ಅದರ ದಪ್ಪವನ್ನು ಸ್ಕೇಲಿನಿಂದ ಅಳೆಯಿರಿ. ಪಿನ್‌ಗಳನ್ನು ನೋಡಿ ಅದು ಯಾವ ಬಗೆಯದೆಂದು ಗುರುತಿಸಿ.