ತೊರಕೆ ಮೀನಿನ ಹಲ್ಲು ಮತ್ತು ನಮ್ಮ ಕರಿ ಕಲ್ಲು

ಶಹಾಪುರದವರಿಗೆ ಮೀನು ಅಂದ್ರೆ ಕೃಷ್ಣಾ, ಭೀಮಾ ಹೊಳೆಯ ಮೀನು. ತೊರಕೆ ಅಂದ್ರೆ ಏನು ಅಂತ ಕ್ಲಾಸಿನಲ್ಲಿ ಕೇಳಿ ನೋಡ್ರಿ, ಮಂಗಳೂರು, ಮಲ್ಪೆ ಕಡೆಯವರು ಮಾತ್ರ ಕೈ ಎತ್ತುತ್ತಾರೆ. ರೊಟ್ಟಿಯಂಥ ಚಪ್ಪಟೆ ಮೈ, ಚಾಟಿಯಂಥ ಬಾಲ, ಕೆಲವಕ್ಕೆ ಬಾಲದಲ್ಲಿ ವಿಷದ ಮುಳ್ಳು. ಇಂಗ್ಲಿಷಿನಲ್ಲಿ ಇದು ರೇ. ಇದರ ಹತ್ತಿರದ ಸಂಬಂಧಿ ಸ್ಕೇಟ್. ಈ ಇಡೀ ಗುಂಪಿನಲ್ಲಿ 600ಕ್ಕೂ ಹೆಚ್ಚು ಜಾತಿಗಳಿವೆ. ಸಮುದ್ರದಿಂದ ಇಷ್ಟು ದೂರ ಇರೋ ನಮಗೆ ಇದೆಲ್ಲ ಯಾಕೆ ಅಂತೀರಾ? ದಖ್ಖನ್ನಿನ ಕರಿ ಕಲ್ಲು ಯಾವ ಕಾಲದ್ದು ಅನ್ನೋ ಹಳೆಯ ಜಗಳದಲ್ಲಿ ಒಂದು ತೊರಕೆ ಮೀನಿನ ಹಲ್ಲು ಸಾಕ್ಷಿ ಹೇಳಿದೆ, ಅದಕ್ಕೆ.

ಮೊದಲು ಹುಟ್ಟಿನ ಮಾತು. ತೊರಕೆಗೂ ಶಾರ್ಕಿಗೂ ಗಟ್ಟಿ ಎಲುಬಿಲ್ಲ, ನಮ್ಮ ಕಿವಿಯಲ್ಲಿರುವಂಥ ಮೃದು ಎಲುಬು ಮಾತ್ರ. ಸತ್ತರೆ ಮೈ ಕರಗುತ್ತದೆ, ಹಲ್ಲು ಉಳಿಯುತ್ತದೆ. ಹಾಗಾಗಿ ಇವುಗಳ ಚರಿತ್ರೆ ಬಹುಪಾಲು ಹಲ್ಲಿನ ಚರಿತ್ರೆ. ಸಿಕ್ಕಿರುವ ಅತಿ ಹಳೆಯ ಹಲ್ಲುಗಳಲ್ಲಿ ಕೆಲವು ಜರ್ಮನಿಯ ಗ್ರಿಮ್ಮೆನ್ ಎಂಬಲ್ಲಿಯವು, 18 ಕೋಟಿ ವರ್ಷಕ್ಕಿಂತ ಹಳೆಯವು. ಅದೇ ದೇಶದ ಜೋಲ್ನ್‌ಹೋಫೆನ್ ಸುಣ್ಣಕಲ್ಲಿನಲ್ಲಿ ಸುಮಾರು 15 ಕೋಟಿ ವರ್ಷ ಹಿಂದಿನ ಪೂರ್ತಿ ಮೈಯ ಅಚ್ಚುಗಳೇ ಇವೆ.

ಚಪ್ಪಟೆಯಾದ ಶಾರ್ಕೇ ತೊರಕೆ ಅಂತ ಒಂದು ಕಾಲಕ್ಕೆ ಬಹಳ ಜನ ತಿಳಿದಿದ್ದರು. ಮೈಯ ಆಕಾರ ನೋಡಿದ್ರೆ ಹಾಗೇ ಅನ್ಸುತ್ತೆ. ಡಿಎನ್‌ಎ ಹೋಲಿಸಿದಾಗ ಬೇರೆ ಚಿತ್ರ ಬಂತು: ತೊರಕೆಗಳು ಶಾರ್ಕುಗಳ ಮಕ್ಕಳಲ್ಲ, ದಾಯಾದಿಗಳು. ಗುರುತು ಹಿಡಿಯೋದು ಸುಲಭ. ಕಿವಿರಿನ ಸೀಳು ಪಕ್ಕದಲ್ಲಿದ್ರೆ ಶಾರ್ಕ್, ಹೊಟ್ಟೆಯ ಕಡೆ ಇದ್ರೆ ತೊರಕೆ ವಂಶ. ಈ ಲೆಕ್ಕದಲ್ಲಿ 2021ರಲ್ಲಿ ಮಲ್ಪೆಯಲ್ಲಿ ಬಲೆಗೆ ಬಿದ್ದ ಗರಗಸ ಮೀನೂ ತೊರಕೆಯ ಬಳಗವೇ, ನೋಡಲು ಎಷ್ಟೇ ಶಾರ್ಕಿನ ಹಾಗಿದ್ರೂ.

ಈಗ ಮುಖ್ಯ ಮಾತು, ಇವು ಲೋಕದ ತುಂಬ ಹರಡಿದ್ದು ಹೇಗೆ. ಎಷ್ಟೋ ಸಮುದ್ರ ಮೀನುಗಳು ಲಕ್ಷಗಟ್ಟಲೆ ತತ್ತಿ ಬಿಡುತ್ತವೆ, ಮರಿಗಳು ನೀರಿನ ಸೆಳೆತಕ್ಕೆ ತೇಲಿಕೊಂಡು ಎಲ್ಲೋ ಹೋಗಿ ಸೇರುತ್ತವೆ. ತೊರಕೆಗೆ ಆ ಸೌಕರ್ಯ ಇಲ್ಲ. ಸ್ಕೇಟ್ ಚರ್ಮದ ಚೀಲದಂಥ ತತ್ತಿಗಳನ್ನು ಸಮುದ್ರದ ತಳದಲ್ಲಿ ಇಡುತ್ತದೆ. ರೇ ನೇರವಾಗಿ ಮರಿ ಹಾಕುತ್ತದೆ, ಅದೂ ಬೆರಳೆಣಿಕೆಯಷ್ಟು. ಹಾಗಾಗಿ ಹೊಸ ಊರು ಸೇರಬೇಕಾದ್ರೆ ತಾನೇ ಈಜಬೇಕು, ತಳದಲ್ಲೇ ಬದುಕುವ ಜಾತಿಗಳಿಗೆ ದಂಡೆಯ ಗುಂಟ ದಾರಿ ಇರಬೇಕು. ಸ್ಕೇಟುಗಳು ಹೆಚ್ಚಾಗಿ ತಣ್ಣೀರು, ಆಳದ ನೀರು ಹಿಡಿದವು. ಅವುಗಳಲ್ಲಿ ಮೊಜಿಯನ್ ಸ್ಕೇಟ್ ಅನ್ನೋದು ಟಾಸ್ಮೇನಿಯಾದ ಎರಡು ಹಿನ್ನೀರು ಬಿಟ್ಟರೆ ಬೇರೆಲ್ಲೂ ಕಂಡಿಲ್ಲ! ರೇಗಳು ಬೆಚ್ಚಗಿನ ದಂಡೆ ಹಿಡಿದವು, ಕೆಲವು ಹೊಳೆಗೂ ಏರಿದವು. 2022ರಲ್ಲಿ ಕಾಂಬೋಡಿಯಾದ ಮೆಕಾಂಗ್ ನದಿಯಲ್ಲಿ ಸಿಕ್ಕ ತೊರಕೆ 300 ಕೆಜಿ ತೂಗಿತ್ತು. ಹದ್ದು ತೊರಕೆಯಂಥ ಇನ್ನು ಕೆಲವು ರೆಕ್ಕೆ ಬಡಿಯುತ್ತ ದೂರ ಈಜಬಲ್ಲವು.

ನಮ್ಮ ಹಲ್ಲು ಈ ಹದ್ದು ತೊರಕೆಗೆ ಹತ್ತಿರದ್ದು. ಹೆಸರು ಇಗ್ಡಾಬ್ಯಾಟಿಸ್. 1972ರಲ್ಲಿ ಫ್ರಾನ್ಸಿನ ಹೆನ್ರಿ ಕಪೆಟ್ಟಾ ಆಫ್ರಿಕಾದ ನೈಜರ್‌ನಲ್ಲಿ ಸಿಕ್ಕ ಹಲ್ಲುಗಳಿಗೆ ಈ ಹೆಸರಿಟ್ಟರು. ಈಗ ಅಲ್ಲಿ ಮರುಭೂಮಿ, ಆಗ ಸಮುದ್ರ. 1993ರಲ್ಲಿ ಜಿ.ವಿ.ಆರ್. ಪ್ರಸಾದ್ ಜೊತೆ ಸೇರಿ ಅವರೇ ತೆಲಂಗಾಣದ ಆಸಿಫಾಬಾದ್‌ನ ಹಲ್ಲುಗಳನ್ನು ವಿವರಿಸಿ ಇಗ್ಡಾಬ್ಯಾಟಿಸ್ ಇಂಡಿಕಸ್ ಅಂದರು. ಆಸಿಫಾಬಾದ್ ಶಹಾಪುರದಿಂದ ನೆಟ್ಟಗೆ ಅಳೆದರೆ ಸುಮಾರು 400 ಕಿ.ಮೀ. ಚಪ್ಪಟೆ, ಆರು ಮೂಲೆಯ ಹಲ್ಲುಗಳು, ಒಂದಕ್ಕೊಂದು ಕೂಡಿಸಿದರೆ ನಮ್ಮ ಮನೆಯ ಶಹಾಬಾದಿ ಫರಸಿ ಹಾಸಿದ ಹಾಗೆ. ಚಿಪ್ಪು ಅರೆಯೋಕೆ ಬೀಸೋ ಕಲ್ಲಿದ್ದಂತೆ.

ಸಿಕ್ಕಿದ್ದು ಎಲ್ಲಿ? ಲಾವಾ ಹರಿದು ಆರಿದ ಎರಡು ಕರಿ ಪದರಗಳ ನಡುವಿನ ಕೆಸರಿನಲ್ಲಿ. ದಖ್ಖನ್ನಿನ ಲಾವಾ ಡೈನೊಸಾರ್‌ಗಳು ಅಳಿದ ಮೇಲಿನದು ಅಂತ ಬೀರಬಲ್ ಸಾಹ್ನಿ ಸಸ್ಯಗಳ ಪಳೆಯುಳಿಕೆ ನೋಡಿ ವಾದಿಸಿದ್ದರು. ಅವರೇನು ಸಣ್ಣ ವಿಜ್ಞಾನಿ ಅಲ್ಲ. ಆದರೆ ಇಗ್ಡಾಬ್ಯಾಟಿಸ್ ನೈಜರ್‌ನಲ್ಲಿ ಇರೋದು ಕ್ರಿಟೇಷಿಯಸ್ ಕೊನೆಯ ಪದರದಲ್ಲಿ, ಅಂದರೆ ಡೈನೊಸಾರ್ ಇದ್ದಾಗಲೇ. ಅದೇ ಮೀನು ಎರಡು ಲಾವಾಗಳ ನಡುವೆ ಇದೆ ಅಂದಮೇಲೆ ಕೆಳಗಿನ ಲಾವಾ ಅದಕ್ಕಿಂತ ಮೊದಲೇ ಹರಿದಿರಬೇಕು. ಕಲ್ಲಿನ ವಿಕಿರಣ ಅಳೆದು ಪಡೆದ ವಯಸ್ಸೂ ಸುಮಾರು 6.6 ಕೋಟಿ ವರ್ಷ ಅಂತಲೇ ಬಂತು.

ಇನ್ನೊಂದು ಗಂಟು ಉಳಿಯುತ್ತೆ. ಅದೇ ಕೆಸರಿನಲ್ಲಿ ಕೆರೆ ನೀರಿನ ಜೀವಿಗಳೂ ಇವೆ. ಹಾಗಾದ್ರೆ ಸಮುದ್ರ ಅಷ್ಟು ಒಳಗೆ ಚಾಚಿತ್ತೋ, ಮೀನೇ ಮೆಕಾಂಗ್ ತೊರಕೆಯ ಹಾಗೆ ಹೊಳೆ ಏರಿತ್ತೋ? ಎರಡಕ್ಕೂ ವಾದಿಗಳಿದ್ದಾರೆ. ಎರಡನೆಯದು ನಮಗೆ ಹೆಚ್ಚು ಹಿಡಿಸುತ್ತೆ. ಇದೇ ಕುಲದ ಹಲ್ಲು ಸ್ಪೇನಿನಲ್ಲೂ ಸಿಕ್ಕಿದೆ, ಭಾರತವೋ ಆಗಿನ್ನೂ ಏಷ್ಯಾಕ್ಕೆ ಅಂಟಿಯೇ ಇರಲಿಲ್ಲ. ಇಷ್ಟು ದೂರ ಬಂದ ಮೀನಿಗೆ ಒಂದು ಹೊಳೆ ಯಾವ ಲೆಕ್ಕ?

ಶಹಾಪುರದಲ್ಲೇ ಹುಡುಕಬಹುದಾ? ನಮ್ಮ ಮಲಗಿದ ಬುದ್ಧನ ಗುಡ್ಡ ಗ್ರಾನೈಟ್, ಕರಗಿದ ಕಲ್ಲು ನೆಲದಾಳದಲ್ಲಿ ಆರಿ ಆದದ್ದು, ಅದರಲ್ಲಿ ಪಳೆಯುಳಿಕೆ ಇರಲ್ಲ. ಶಹಾಬಾದಿ ಕಲ್ಲು ಸಮುದ್ರದ ತಳದ್ದೇ, ಆದರೆ ಮೀನುಗಳು ಹುಟ್ಟೋಕಿಂತ ಮುಂಚಿನದು. ನಮ್ಮ ಜಿಲ್ಲೆಯಲ್ಲಿ ಸರಿಯಾದ ಜಾಗ ಗುರುಮಠಕಲ್. ಅಲ್ಲಿ ಕರಿ ಕಲ್ಲಿನ ಪದರಗಳ ನಡುವೆ ಹಳೆಯ ಕೆರೆಯ ಕೆಸರು ಕಲ್ಲಾಗಿದೆ, ಅದರಲ್ಲಿ ಆಸ್ಟ್ರಕೋಡ್ ಎಂಬ ಸಾಸಿವೆಗಿಂತ ಸಣ್ಣ ಚಿಪ್ಪಿನ ಜೀವಿಗಳು ಸಿಕ್ಕಿವೆ. ಸಿವಿಲ್ ಬ್ರ್ಯಾಂಚಿನ ನಾವು ಇಂಥ ಪದರವನ್ನು ಬರೀ ‘ವೀಕ್ ಝೋನ್’ ಅಂತ ಬರೆದು ಮುಂದೆ ಹೋಗ್ತೀವಿ. ರಸ್ತೆಗೋ ಬಾವಿಗೋ ಅಗೆದಾಗ ಅದು ಜಲ್ಲಿಯ ಜೊತೆ ಲಾರಿ ಏರುತ್ತೆ. ಕೆಲಸ ಏನೂ ದೊಡ್ಡದಲ್ಲ: ಎಲ್ಲಿಂದ, ಎಷ್ಟು ಆಳದಿಂದ ತೆಗೆದಿದ್ದು ಅಂತ ಬರೆದುಕೊಂಡು ಮಣ್ಣನ್ನು ನೀರಿನಲ್ಲಿ ನೆನೆಸಬೇಕು, ಸಣ್ಣ ಜರಡಿಯಲ್ಲಿ ತೊಳೆಯಬೇಕು, ಉಳಿದ ಹರಳನ್ನು ಒಣಗಿಸಿ ಮೈಕ್ರೋಸ್ಕೋಪಿನ ಕೆಳಗೆ ಹರಡಬೇಕು. ಸಾಯಿಲ್ ಲ್ಯಾಬಿನಲ್ಲಿ 75 ಮೈಕ್ರಾನ್ ಜರಡಿ ಹೆಂಗೂ ಇದೆ.