ಅನ್ನ, ಅಕ್ಷರ, ಕಸುಬು

ವಿದ್ಯಾದಾನವು ದಾನಗಳಲ್ಲೆಲ್ಲ ಶ್ರೇಷ್ಠವಾದುದೆಂದು ಸಭೆ ಸಮಾರಂಭಗಳಲ್ಲಿ ಆಗಾಗ್ಗೆ ಕೇಳುತ್ತೇವೆ. ಆದರೆ ಆ ದಾನವು ಬಡ ವಿದ್ಯಾರ್ಥಿಯ ಯಾವ ಕೊರತೆಯನ್ನು ತುಂಬಬೇಕು, ಯಾವಾಗ ತುಂಬಬೇಕು, ಹೇಗೆ ತುಂಬಬೇಕು ಎಂದು ವಿಚಾರಿಸುವವರು ಕಡಮೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ಪ್ರಶ್ನೆ ಹುಟ್ಟಿದ್ದು ಪಠ್ಯಪುಸ್ತಕದಿಂದಲ್ಲ, ಒಬ್ಬ ಗೆಳೆಯನಿಂದ.

ಪಿ.ಯು. ಓದುತ್ತಿದ್ದಾಗ ಆತನೂ ನಾನೂ ಒಂದೇ ಬೆಂಚಿನವರು. ತಂದೆಗೆ ಕಾಯಿಲೆಯಾದ ಮೇಲೆ ಆತ ವಾರದಲ್ಲಿ ಎರಡು ದಿನ, ಆಮೇಲೆ ನಾಲ್ಕು ದಿನ ತರಗತಿಗೆ ಬಾರದಾದ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೂಲಿಗೆ ಹೋಗುತ್ತಿದ್ದಾನೆಂದು ತಿಳಿಯಿತು. ನಾವು ಸಹಪಾಠಿಗಳು ಕನಿಕರಪಟ್ಟು ಚಂದಾ ಎತ್ತಿದೆವು. ಆತ ಬಂದ ದಿನ ತರಗತಿಯ ಮುಂದೆ ನಿಲ್ಲಿಸಿ, ಯಾರು ಯಾರು ಎಷ್ಟು ಕೊಟ್ಟರೆಂದು ಓದಿ ಹೇಳಿ, ಚಪ್ಪಾಳೆ ತಟ್ಟಿ ಹಣ ಕೊಟ್ಟೆವು. ಆ ಪಟ್ಟಿಯನ್ನು ಓದಿದವನು ನಾನೇ. ಮರುದಿನದಿಂದ ಆತ ಬರಲಿಲ್ಲ. ನಮ್ಮ ಹಣವು ತಡವಾಗಿಯೂ ಬಂದಿತ್ತು, ತಪ್ಪಾಗಿಯೂ ಬಂದಿತ್ತು.

ಸರ್ಕಾರಿ ಕಾಲೇಜಿನಲ್ಲಿ ಶುಲ್ಕ ಹೆಚ್ಚಲ್ಲ. ವಿದ್ಯಾರ್ಥಿಯನ್ನು ಹಿಂದಕ್ಕೆಳೆಯುವುದು ಬೇರೆ ಲೆಕ್ಕ. ಬಸ್ಸಿನ ಪಾಸು, ಮಧ್ಯಾಹ್ನದ ಊಟ, ಪರೀಕ್ಷಾ ಶುಲ್ಕ, ಎಲ್ಲಕ್ಕಿಂತ ಮಿಗಿಲಾಗಿ ಕಾಲೇಜಿಗೆ ಬಂದ ದಿನ ಕೈತಪ್ಪುವ ಕೂಲಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದುದು ಈ ಲೆಕ್ಕದ ಒಂದು ಸಾಲನ್ನು ಅಳಿಸಿತು. ಉಳಿದ ಸಾಲುಗಳು ಹಾಗೆಯೇ ಇವೆ.

ನಮ್ಮ ಹಿರಿಯರಿಗೆ ಈ ಲೆಕ್ಕ ಗೊತ್ತಿತ್ತು. ಹಿಂದೆ ವಾರಾನ್ನವೆಂಬ ಏರ್ಪಾಡಿತ್ತು. ಪರಸ್ಥಳದ ಹುಡುಗನೊಬ್ಬ ದಿನಕ್ಕೊಂದು ಮನೆಯಂತೆ ಏಳು ಮನೆಗಳಲ್ಲಿ ಉಂಡು ಓದು ಮುಗಿಸುತ್ತಿದ್ದ. ಆದರೆ ಆ ಅನ್ನ ಬಹುಮಟ್ಟಿಗೆ ಜಾತಿಯ ಹೊಸ್ತಿಲೊಳಗೇ ಉಳಿಯಿತೆಂಬುದನ್ನು ಮರೆಯಬಾರದು. ಆ ಹೊಸ್ತಿಲನ್ನು ದಾಟಿದ ದೊಡ್ಡ ಉದಾಹರಣೆ ತುಮಕೂರಿನ ಸಿದ್ಧಗಂಗಾ ಮಠ. 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಅಲ್ಲಿ ಜಾತಿ ಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಒಟ್ಟಿಗೆ ಒದಗಿಸಿದರು. ಮೂರರಲ್ಲಿ ಅನ್ನವನ್ನೇ ಮೊದಲು ಹೇಳುವುದು ವಿಚಾರಯೋಗ್ಯ.

ಇನ್ನೊಂದು ಉದಾಹರಣೆಗೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಅಕ್ಷರ ಕಲಿತ ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡು 1881ರಲ್ಲಿ ಬಿ.ಎ. ಮುಗಿಸಿದರು. ಮುಂದೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತುದರಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದರು. ಆ ವೇತನ ಸಕಾಲಕ್ಕೆ ಬಾರದಿದ್ದರೆ ನಾಡಿಗೆ ಆಗುತ್ತಿದ್ದ ನಷ್ಟವನ್ನು ಯಾರು ಎಣಿಸಬಲ್ಲರು?

ಪಡೆದುದನ್ನು ಅವರು ಮರೆಯಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಅಧ್ಯಕ್ಷರಾಗಿ ದುಡಿದುದಕ್ಕೆ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಸ್ವೀಕರಿಸದೆ, ಅದನ್ನು ತರುಣರಿಗೆ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ವಿನಿಯೋಗಿಸಬೇಕೆಂದು ಕೇಳಿದರೆಂಬುದು ಪ್ರಸಿದ್ಧವಾದ ವೃತ್ತಾಂತ. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಗೆ ತಮ್ಮ ಹೆಸರಿಡಿಸದೆ, ಮಹಾರಾಜರಾದ ಶ್ರೀ ಜಯಚಾಮರಾಜೇಂದ್ರ ಒಡೆಯರ ಹೆಸರಿಡಿಸಿದರು. ಅದೇ ಇಂದಿನ ಎಸ್.ಜೆ. ಪಾಲಿಟೆಕ್ನಿಕ್. ಪದವಿಯೊಂದೇ ಸಾಲದು, ಕೈಗೆ ಕಸುಬೂ ಬೇಕೆಂಬುದು ಅವರ ಮತ.

ಕಸುಬಿನ ದಾನವು ಹೇಗೆ ನಡೆಯಬೇಕೆಂಬುದಕ್ಕೆ ಉಜಿರೆಯ ರುಡ್‌ಸೆಟ್ ಸಂಸ್ಥೆ ಒಳ್ಳೆಯ ಪಾಠ. 1982ರಲ್ಲಿ ಧರ್ಮಸ್ಥಳದ ವಿದ್ಯಾಸಂಸ್ಥೆಯೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಕೂಡಿ ಅದನ್ನು ಸ್ಥಾಪಿಸಿದವು. ನಿರುದ್ಯೋಗಿ ಯುವಕ ಯುವತಿಯರಿಗೆ ಅಲ್ಲಿ ಕೆಲವು ವಾರಗಳ ತರಬೇತಿ. ತರಬೇತಿಗಾಗಲಿ, ಊಟ ವಸತಿಗಾಗಲಿ ಹಣವಿಲ್ಲ. ಕಲಿತು ಹೊರಬಿದ್ದವರನ್ನು ಕೈಬಿಡದೆ, ಬ್ಯಾಂಕಿನ ಸಾಲ ದೊರಕಿಸಿ, ಅಂಗಡಿಯೋ ಕಾರ್ಯಾಗಾರವೋ ಕಾಲೂರುವ ತನಕ ವಿಚಾರಿಸಿಕೊಳ್ಳುತ್ತಾರೆ. ಕಲಿಸುವುದು ಸ್ವಲ್ಪ ಕಾಲ, ಕೈಹಿಡಿಯುವುದು ಬಹುಕಾಲ. ಮುಂದೆ ಭಾರತ ಸರ್ಕಾರವು ಇದನ್ನೇ ಮಾದರಿಯಾಗಿಟ್ಟುಕೊಂಡು ಬ್ಯಾಂಕುಗಳ ಮೂಲಕ ದೇಶದ ಜಿಲ್ಲೆಗಳಲ್ಲಿ ಇಂತಹ ಕೇಂದ್ರಗಳನ್ನು ತೆರೆಯಿಸಿತು. ಒಂದು ಊರಿನ ದಾನ ದೇಶದ ಪದ್ಧತಿಯಾಯಿತು.

ನಮ್ಮ ಕಾಲಕ್ಕೇ ಬರೋಣ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ವಿದ್ಯಾರ್ಥಿವೇತನ 2025-26ನೆಯ ಸಾಲಿನಲ್ಲಿ ಕರ್ನಾಟಕಕ್ಕೂ ಬಂದಿದೆ. ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳನ್ನು ಸರ್ಕಾರಿ ಸಂಸ್ಥೆಗಳಲ್ಲಿ ಓದಿ, ಪದವಿಗೋ ಡಿಪ್ಲೊಮಾಗೋ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ. ತಿಂಗಳಿಗೆ 2,500 ಆಯಿತು. ಕೈತಪ್ಪುವ ಕೂಲಿಯನ್ನೆಲ್ಲ ಅದು ತುಂಬಲಾರದು, ಆದರೆ ‘ಓದು ಬಿಟ್ಟು ಕೆಲಸಕ್ಕೆ ಹೋಗು’ ಎಂಬ ಮಾತಿಗೆ ಮನೆಯಲ್ಲಿ ಎದುರುತ್ತರ ಕೊಡಬಲ್ಲದು. ಹಣ ನೇರವಾಗಿ ವಿದ್ಯಾರ್ಥಿನಿಯ ಬ್ಯಾಂಕ್ ಖಾತೆಗೆ ಸೇರುತ್ತದೆ. ಅಲ್ಲಿ ವೇದಿಕೆಯೂ ಇಲ್ಲ, ಚಪ್ಪಾಳೆಯೂ ಇಲ್ಲ.

ಇಷ್ಟರಿಂದ ನಾನು ಕಲಿತ ಪಾಠಗಳು ಮೂರು. ದಾನವು ಶುಲ್ಕಕ್ಕಿಂತ ಮುಂಚೆ ಹೊಟ್ಟೆಯನ್ನೂ ದಾರಿಯನ್ನೂ ನೋಡಬೇಕು. ವಿದ್ಯಾರ್ಥಿ ಬಿಟ್ಟುಹೋಗುವ ಮುನ್ನವೇ ಬರಬೇಕು. ಪಡೆಯುವವನ ತಲೆ ತಗ್ಗದಂತೆ ಕೊಡಬೇಕು.

ದತ್ತಿಯೆಂದರೆ ಸಾಮಾನ್ಯವಾಗಿ ಮೂಲಧನವನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿಯನ್ನು ಮಾತ್ರ ವೆಚ್ಚಮಾಡುವ ಏರ್ಪಾಡು. ನೂರಕ್ಕೆ 6ರ ಬಡ್ಡಿ ದೊರೆತರೆ 1 ಲಕ್ಷ ರೂಪಾಯಿ ವರ್ಷಕ್ಕೆ 6,000 ತಂದುಕೊಟ್ಟೀತು. ದತ್ತಿಗಳ ಬಡ್ಡಿ ಅನೇಕ ವೇಳೆ ಮೊದಲ ಸ್ಥಾನ ಗಳಿಸಿದವರ ಬಹುಮಾನಕ್ಕೆ ಸಲ್ಲುತ್ತದೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಮೊದಲ ಸ್ಥಾನ ಪಡೆದವನು ಹೇಗೂ ಪರೀಕ್ಷೆ ಬರೆದಿದ್ದಾನಲ್ಲವೆ? ಪರೀಕ್ಷೆ ಬರೆಯಲಾರದೆ ಹೋದವನ ಹೆಸರಿನಲ್ಲಿ ದತ್ತಿ ಇಡುವವರು ಯಾರು?

ಆದುದರಿಂದ ಗುರುಗಳಲ್ಲಿಯೂ ಮಿತ್ರರಲ್ಲಿಯೂ ನನ್ನದೊಂದು ಬಿನ್ನಹ. ಈ ವರ್ಷ ಕಾಲೇಜು ಬಿಡುವ ನಾವೆಲ್ಲರೂ ಕೈಲಾದಷ್ಟು ಕೊಟ್ಟು ಸಣ್ಣದೊಂದು ನಿಧಿ ಆರಂಭಿಸೋಣ. ಬಸ್ ಪಾಸಿಗೋ ಪರೀಕ್ಷಾ ಶುಲ್ಕಕ್ಕೋ ಬೇಕಾದವರು ಇಬ್ಬರು ಅಧ್ಯಾಪಕರಿಗೆ ಮಾತ್ರ ತಿಳಿಸಲಿ. ಹೆಸರು ಅವರಲ್ಲಿಯೇ ಉಳಿಯಲಿ. ದುಡಿಮೆಗೆ ನಿಂತ ಮೇಲೆ, ಮನಸ್ಸಿದ್ದರೆ, ಅಷ್ಟನ್ನು ಮುಂದಿನವರಿಗಾಗಿ ಹಿಂದಿರುಗಿಸಲಿ.

ಕಳೆದ ಬೇಸಿಗೆಯಲ್ಲಿ ಆ ಗೆಳೆಯನನ್ನು ಚಿಂತಾಮಣಿಯ ಬಸ್ ನಿಲ್ದಾಣದಲ್ಲಿ ಕಂಡೆ. ನೂಲಿನ ಬಿಸಿನೀರಿಗೆ ಬೆರಳುಗಳು ಬಿಳಿಚಿದ್ದವು. ನಾನು ಕ್ಷಮೆ ಕೇಳಬೇಕೆಂದು ಮಾತು ಹುಡುಕುತ್ತಿರುವಾಗ ಆತನೇ ಹೇಳಿದ: “ನನ್ನ ಲೆಕ್ಕಶಾಸ್ತ್ರದ ಪುಸ್ತಕ ಇನ್ನೂ ಹೊಸದರಂತೆಯೇ ಇದೆ. ತಂದುಕೊಡುತ್ತೇನೆ, ಬೇಕಾದವರಿಗೆ ಕೊಡು. ನನ್ನ ಹೆಸರು ಹೇಳಬೇಡ.”

ಆ ಪುಸ್ತಕ ಈಗ ಪ್ರಥಮ ಪಿ.ಯು. ಓದುವ ಹುಡುಗಿಯೊಬ್ಬಳ ಬಳಿ ಇದೆ. ಕೊಟ್ಟವರು ಯಾರೆಂದು ಆಕೆಗೆ ನಾನು ಹೇಳಿಲ್ಲ.