ಸರಕಾರಿ ಫಾರಮನ್ನು ತಿದ್ದಬಹುದೆ? – ಅಮೆರಿಕದ ಮಾಜಿ ಸೈನಿಕರ ಮೇಲ್ಮನವಿಯಿಂದ ಒಂದು ಪಾಠ



ಅರ್ಜಿ ಬರೆಯುವ ಕೆಲಸ ನಮಗೆ ಹೊಸದಲ್ಲ. ಪಹಣಿ ತಿದ್ದುಪಡಿಗೆ ಒಂದು, ಬೆಳೆ ವಿಮೆಗೆ ಒಂದು, ಸಹಕಾರ ಸಂಘದ ಸಾಲಕ್ಕೆ ಒಂದು, ಹೀಗೆ ವರ್ಷದಲ್ಲಿ ನಾಲ್ಕಾರು ಸಲವಾದರೂ ಯಾವುದಾದರೊಂದು ಫಾರಂ ನಮ್ಮ ಕೈಗೆ ಬರುತ್ತದೆ. ಮಳೆ ಬಂದ ಹಾಗೆ ಒಪ್ಪಿಕೊಳ್ಳಬೇಕು, ಅದನ್ನು ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲ ಎಂದು ನಾವು ಭಾವಿಸಿದ್ದೇವೆ. ಆದರೆ ಫಾರಂ ಆಕಾಶದಿಂದ ಬೀಳುವ ವಸ್ತುವಲ್ಲ. ಯಾವುದೋ ಕಚೇರಿಯಲ್ಲಿ ಯಾರೋ ಕುಳಿತು ಬರೆದದ್ದು. ಬರೆದದ್ದನ್ನು ತಿದ್ದಲೂ ಬಹುದು. ಹೇಗೆ ತಿದ್ದುತ್ತಾರೆ, ಅದರಲ್ಲಿ ತುಂಬುವವನ ಮಾತಿಗೆ ಬೆಲೆ ಇದೆಯೇ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಇದಕ್ಕೆ ಅಮೆರಿಕ ದೇಶದ ಮಾಜಿ ಸೈನಿಕರ ಮೇಲ್ಮನವಿ ಫಾರಮನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ನಮ್ಮ ಹಳ್ಳಿಗಳಲ್ಲಿಯೂ ಸೈನ್ಯದಿಂದ ನಿವೃತ್ತರಾಗಿ ಬಂದು ಬೇಸಾಯ ಮಾಡುತ್ತಿರುವವರಿದ್ದಾರೆ. ಪಿಂಚಣಿ ಕಾಗದಗಳ ತೊಡಕು ಅವರಿಗೆ ಚೆನ್ನಾಗಿ ಗೊತ್ತು. ಅದೂ ಅಲ್ಲದೆ ಅಲ್ಲಿ ಒಂದು ಫಾರಂ ಬದಲಾಗುವಾಗ ಯಾಕೆ ಬದಲಾಯಿತು, ಯಾರು ಏನು ಆಕ್ಷೇಪಿಸಿದರು, ಸರಕಾರ ಏನು ಉತ್ತರ ಕೊಟ್ಟಿತು ಎಂಬುದನ್ನೆಲ್ಲ ಅಚ್ಚು ಹಾಕಿ ಪ್ರಕಟಿಸುತ್ತಾರೆ. ಆದ್ದರಿಂದ ಓದಿ ಕಲಿಯಲು ಅನುಕೂಲ.

ಪರಿಹಾರ ಮತ್ತು ಮೇಲ್ಮನವಿ

ಸೈನ್ಯದ ಸೇವೆಯಿಂದ ದೇಹಕ್ಕೆ ಊನವಾಗಿದ್ದರೆ ಅಥವಾ ರೋಗ ಬಂದಿದ್ದರೆ ಅಮೆರಿಕದ ಮಾಜಿ ಸೈನಿಕರ ಇಲಾಖೆ ತಿಂಗಳು ತಿಂಗಳು ಪರಿಹಾರ ಕೊಡುತ್ತದೆ. ಊನವನ್ನು ಶೇಕಡಾ 10, 20, 30 ಹೀಗೆ 100ರ ವರೆಗೆ ಅಳೆಯುತ್ತಾರೆ. ಶೇಕಡಾವಾರು ಏರಿದಂತೆ ಹಣವೂ ಏರುತ್ತದೆ. ಇಲಾಖೆಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಮಾಡಬಹುದು. ಅದನ್ನು ಕೇಳುವ ಮಂಡಳಿ 1933ರಿಂದ ಇದೆ. ಮಂಡಳಿಯ ಮೇಲೆ ಒಂದು ಪ್ರತ್ಯೇಕ ನ್ಯಾಯಾಲಯ ಬೇಕೆಂದು 1988ರಲ್ಲಿ ಕಾನೂನಾಯಿತು.

ಇಲ್ಲಿ ಮುಖ್ಯವಾದದ್ದು ತಾರೀಖು. ಪರಿಹಾರದ ಹಣವನ್ನು ಸಾಮಾನ್ಯವಾಗಿ ಅರ್ಜಿ ಇಲಾಖೆಗೆ ಮುಟ್ಟಿದ ದಿನದಿಂದ ಲೆಕ್ಕ ಹಾಕುತ್ತಾರೆ. ತೀರ್ಮಾನದ ಕಾಗದ ಕಳಿಸಿದ ದಿನದಿಂದ ಒಂದು ವರ್ಷದೊಳಗೆ ಒಪ್ಪಿಗೆಯಿಲ್ಲವೆಂದು ತಿಳಿಸಿದರೆ ಆ ಹಳೆಯ ತಾರೀಖು ಉಳಿಯುತ್ತದೆ. ವರ್ಷ ಕಳೆದರೆ ತೀರ್ಮಾನ ಗಟ್ಟಿಯಾಗುತ್ತದೆ. ಆಮೇಲೆ ಹೊಸ ಪುರಾವೆ ತಂದು ಗೆದ್ದರೂ ಹಣ ಸಾಮಾನ್ಯವಾಗಿ ಹೊಸ ಅರ್ಜಿಯ ದಿನದಿಂದಲೇ. ನಡುವಿನ ವರ್ಷಗಳ ಹಣ ಹೋಯಿತೆಂದೇ ಲೆಕ್ಕ. ಒಂದು ಕಾಗದವನ್ನು ಮೇಲ್ಮನವಿಯೆಂದು ಎಣಿಸಬೇಕೋ ಬೇಡವೋ ಎಂಬ ಪ್ರಶ್ನೆಯ ಹಿಂದೆ ಒಂದು ಸಂಸಾರದ ಹಲವು ವರ್ಷಗಳ ಆದಾಯವಿರುತ್ತದೆ.

ಪತ್ರ ಹೋಗಿ ಫಾರಂ ಬಂದದ್ದು

2015ರ ಮಾರ್ಚ್ 24ರ ವರೆಗೆ ಒಪ್ಪಿಗೆಯಿಲ್ಲವೆಂದು ತಿಳಿಸಲು ಇಂಥದೇ ಫಾರಂ ಬೇಕೆಂಬ ನಿಯಮವಿರಲಿಲ್ಲ. ಬಿಳಿ ಹಾಳೆಯಲ್ಲಿ ಬರೆದರೂ ಸಾಕಿತ್ತು. ತೀರ್ಮಾನ ಒಪ್ಪಿಗೆಯಿಲ್ಲ, ಮೇಲಿನವರು ನೋಡಬೇಕು ಎಂಬ ಅರ್ಥ ಆ ಬರಹದಿಂದ ಹೊರಟರೆ ಅದೇ ಮೇಲ್ಮನವಿಯ ಮೊದಲ ಹೆಜ್ಜೆ. ಇದು ಬಡವನಿಗೆ ಅನುಕೂಲವೆಂದು ಮೇಲುನೋಟಕ್ಕೆ ಕಾಣುತ್ತದೆ. ಅನುಕೂಲವೂ ಹೌದು, ತೊಡಕೂ ಹೌದು.

ಒಬ್ಬ ಸೈನಿಕನೆಂದು ಇಟ್ಟುಕೊಳ್ಳಿ. ಮೊಣಕಾಲು ನೋವು, ಕಿವಿ ಮಂದ, ಎರಡಕ್ಕೂ ಅರ್ಜಿ ಹಾಕಿದ. ಮೊಣಕಾಲಿಗೆ ಶೇಕಡಾ 10 ಕೊಟ್ಟರು. ಕಿವಿಯ ಮಂದತನ ಸೇವೆಯಿಂದ ಬಂದದ್ದಲ್ಲ ಎಂದು ತಳ್ಳಿಹಾಕಿದರು. ಆತ ಪತ್ರ ಬರೆಯುತ್ತಾನೆ: "ನನಗೆ ಅನ್ಯಾಯವಾಗಿದೆ, ನಾನು ದೇಶಕ್ಕಾಗಿ ದುಡಿದವನು, ದಯವಿಟ್ಟು ನೋಡಿ." ಗುಮಾಸ್ತ ಈಗ ಏನು ಮಾಡಬೇಕು? ಅನ್ಯಾಯ ಮೊಣಕಾಲಿನದೋ ಕಿವಿಯದೋ? ಶೇಕಡಾವಾರು ಕಡಿಮೆಯಾಯಿತೆಂದೋ, ಕೊಟ್ಟ ತಾರೀಖು ತಪ್ಪೆಂದೋ? ಇದು ಮೇಲ್ಮನವಿಯೋ, ಬರಿಯ ದೂರೋ? ಅವನು ಊಹಿಸಬೇಕು. ಊಹೆ ತಪ್ಪಿದರೆ ಪತ್ರ ಯಾವುದೋ ಕಡತದಲ್ಲಿ ಉಳಿಯುತ್ತದೆ, ವರ್ಷ ಕಳೆಯುತ್ತದೆ.

ಆದ್ದರಿಂದ ಇಲಾಖೆ 21-0958 ಎಂಬ ಸಂಖ್ಯೆಯ ಫಾರಮನ್ನು ಕಡ್ಡಾಯ ಮಾಡಲು ಹೊರಟಿತು. ಅದರ ನಡುವೆ ಒಂದು ಕೋಷ್ಟಕ. ಮೊದಲ ಕಾಲಮಿನಲ್ಲಿ ಯಾವ ವಿಷಯಕ್ಕೆ ಒಪ್ಪಿಗೆಯಿಲ್ಲ ಎಂದು ಬರೆಯಬೇಕು. ಎರಡನೆಯದರಲ್ಲಿ ಕಾರಣದ ಬಗೆಗೆ ಗುರುತು ಹಾಕಬೇಕು: ಸೇವೆಯ ಸಂಬಂಧವನ್ನು ಒಪ್ಪಲಿಲ್ಲವೆಂದೋ, ತಾರೀಖು ತಪ್ಪೆಂದೋ, ಶೇಕಡಾವಾರು ಕಡಿಮೆಯೆಂದೋ, ಬೇರೆಯದೋ. ಮೂರನೆಯದರಲ್ಲಿ, ಗೊತ್ತಿದ್ದರೆ, ಎಷ್ಟು ಶೇಕಡಾ ಸಿಗಬೇಕೆಂದು ಬರೆಯಬೇಕು. ಮೊಣಕಾಲಿಗೆ ಒಂದು ಸಾಲು, ಕಿವಿಗೆ ಒಂದು ಸಾಲು. ಗುಮಾಸ್ತನ ಊಹೆಗೆ ಕೆಲಸವಿಲ್ಲ.

ಆದರೆ ಇದರಲ್ಲಿ ಬೇರೊಂದು ಅಪಾಯವಿದೆ. ಕೂರಿಗೆಯ ಬಟ್ಟಲಿಗೆ ಬೀಜ ಹಾಕುತ್ತ ಹೋಗುತ್ತೇವೆ. ಒಂದು ಕೊಳವೆ ಕಟ್ಟಿಕೊಂಡಿದ್ದರೆ ಆ ಸಾಲು ಬರಿದಾಗಿರುವುದು ಮೊಳಕೆ ಬರುವ ತನಕ ತಿಳಿಯುವುದಿಲ್ಲ. ಕಿವಿಯ ಸಾಲನ್ನು ಬರೆಯಲು ಮರೆತವನ ಗತಿಯೂ ಅಷ್ಟೇ. ಹಳೆಯ ಪತ್ರದಲ್ಲಿ "ಎಲ್ಲವನ್ನೂ ನೋಡಿ" ಎಂದರೆ ಒಳ್ಳೆಯ ಗುಮಾಸ್ತ ಕಿವಿಯನ್ನೂ ಸೇರಿಸಿಕೊಂಡಾನು. ಕೋಷ್ಟಕದಲ್ಲಿ ಇಲ್ಲದ್ದು ಇಲ್ಲವೇ ಇಲ್ಲ.

ಆಕ್ಷೇಪಣೆಯಿಂದ ಆದ ಬದಲಾವಣೆ

ಇಲಾಖೆ ತನ್ನ ಕರಡನ್ನು 2013ರ ಅಕ್ಟೋಬರ್ 31ರಂದು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಮೊದಲ ಅರ್ಜಿಗೂ ಫಾರಂ ಕಡ್ಡಾಯ ಎಂಬುದು ಅದೇ ಕರಡಿನಲ್ಲಿತ್ತು. ಅಲ್ಲೊಂದು ಭೇದವನ್ನೂ ಮಾಡಿದ್ದರು. ಕಂಪ್ಯೂಟರಿನಲ್ಲಿ ಅರ್ಜಿ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದವನ ತಾರೀಖನ್ನು ಒಂದು ವರ್ಷ ಕಾಯ್ದಿಡುವುದು. ಕಾಗದದಲ್ಲಿ ಅರೆಬರೆ ಬರೆದು ಕಳಿಸಿದವನಿಗೆ ಆ ಸವಲತ್ತಿಲ್ಲ.

ಮಾಜಿ ಸೈನಿಕರ ಸಂಘಗಳು ಸುಮ್ಮನಿರಲಿಲ್ಲ. ಮುದುಕರಿದ್ದಾರೆ, ತಲೆಗೆ ಪೆಟ್ಟು ಬಿದ್ದವರಿದ್ದಾರೆ, ಕಂಪ್ಯೂಟರ್ ಮುಟ್ಟದವರಿದ್ದಾರೆ. ಕಾಗದ ಹಿಡಿದವನಿಗೊಂದು ನ್ಯಾಯ, ಯಂತ್ರ ಹಿಡಿದವನಿಗೊಂದು ನ್ಯಾಯವೇ ಎಂಬ ಅರ್ಥದ ಆಕ್ಷೇಪಣೆಗಳು ಬಂದವು. 2014ರ ಸೆಪ್ಟೆಂಬರಿನಲ್ಲಿ ಹೊರಬಿದ್ದ ಅಂತಿಮ ನಿಯಮದಲ್ಲಿ ಇಲಾಖೆ ಆ ಭೇದವನ್ನು ಕೈಬಿಟ್ಟಿತು. ಅದರ ಬದಲಿಗೆ "ಅರ್ಜಿ ಹಾಕುವ ಉದ್ದೇಶವಿದೆ" ಎಂದು ತಿಳಿಸುವ ಪದ್ಧತಿ ಬಂತು. ಕಂಪ್ಯೂಟರಿನಲ್ಲಿ ತಿಳಿಸಬಹುದು, 21-0966 ಸಂಖ್ಯೆಯ ಚಿಕ್ಕ ಕಾಗದದ ಫಾರಮಿನಲ್ಲಿ ತಿಳಿಸಬಹುದು, ಅಧಿಕಾರಿಗೆ ದೂರವಾಣಿಯಲ್ಲಿ ಬಾಯಿಮಾತಿನಲ್ಲೂ ತಿಳಿಸಬಹುದು. ಮೂರಕ್ಕೂ ತಾರೀಖು ಒಂದು ವರ್ಷ ಉಳಿಯುತ್ತದೆ. ಇಡೀ ಕಥೆಯಲ್ಲಿ ನನಗೆ ಮೆಚ್ಚಿಗೆಯಾದ ಭಾಗ ಇದೇ. ಬೀದಿಗಿಳಿದು ಕೂಗಿದ್ದರಿಂದ ಅಲ್ಲ, ಕರಡನ್ನು ಓದಿ ಯಾವ ಮಾತು ಯಾರಿಗೆ ತಟ್ಟುತ್ತದೆ ಎಂದು ಬರೆದು ಕಳಿಸಿದ್ದರಿಂದ ಆದ ಕೆಲಸ.

ಎಲ್ಲ ಆಕ್ಷೇಪಣೆಗೂ ಜಯ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಮೇಲ್ಮನವಿಯ ಫಾರಂ ಕಡ್ಡಾಯವಾಗಿಯೇ ಉಳಿಯಿತು. ಸಂಘಗಳು ನ್ಯಾಯಾಲಯಕ್ಕೆ ಹೋದವು. 2016ರಲ್ಲಿ ನ್ಯಾಯಾಲಯ ಇಲಾಖೆಯ ನಿಯಮವನ್ನೇ ಎತ್ತಿಹಿಡಿಯಿತು.

ಒಂದು ಫಾರಂ ಮೂರಾದದ್ದು

ಅಷ್ಟರಿಂದ ವಿಳಂಬ ತಪ್ಪಲಿಲ್ಲ. ಮೊದಲ ಫಾರಂ ಕಳಿಸಿದ ಮೇಲೆ ಇಲಾಖೆ ಒಂದು ವಿವರಣೆ ಕಳಿಸುತ್ತಿತ್ತು. ಅದಕ್ಕೆ ಉತ್ತರವಾಗಿ, ಸಾಮಾನ್ಯವಾಗಿ 60 ದಿನದೊಳಗೆ, 9ನೆಯ ನಂಬರಿನ ಇನ್ನೊಂದು ಫಾರಂ ಹಾಕಬೇಕಿತ್ತು. ಮೊದಲನೆಯದೇ ಮೇಲ್ಮನವಿ ಎಂದು ತಿಳಿದು ಎರಡನೆಯದನ್ನು ಹಾಕದವನ ಪ್ರಕರಣ ಅಲ್ಲಿಗೇ ನಿಲ್ಲುತ್ತಿತ್ತು. ಹಾಕಿದವನೂ ವರ್ಷಗಟ್ಟಲೆ ಕಾಯಬೇಕಿತ್ತು. 2017ರ ಹೊತ್ತಿಗೆ ಬಾಕಿ ಬಿದ್ದ ಮೇಲ್ಮನವಿಗಳು 4 ಲಕ್ಷಕ್ಕೂ ಹೆಚ್ಚು.

ಆ ವರ್ಷದ ಆಗಸ್ಟ್ 23ರಂದು ಹೊಸ ಕಾನೂನಿಗೆ ಸಹಿ ಬಿತ್ತು. 2019ರ ಫೆಬ್ರವರಿ 19ರಿಂದ ಜಾರಿಗೆ ಬಂತು. ಈಗ ದಾರಿ ಮೂರು, ಫಾರಮೂ ಮೂರು. ಹೊಸ ಪುರಾವೆ ಇದ್ದವನು 20-0995ನ್ನು ತುಂಬಬೇಕು. ಪುರಾವೆ ಹೊಸದೇನಿಲ್ಲ, ಇದ್ದದ್ದನ್ನೇ ತಪ್ಪಾಗಿ ನೋಡಿದ್ದಾರೆ ಎನ್ನುವವನು 20-0996ನ್ನು ತುಂಬಿ ಹಿರಿಯ ಅಧಿಕಾರಿಯ ಮರುಪರಿಶೀಲನೆ ಕೇಳಬೇಕು. ಅಲ್ಲಿ ಹೊಸ ಕಾಗದ ಸೇರಿಸುವಂತಿಲ್ಲ. ನೇರವಾಗಿ ಮಂಡಳಿಗೆ ಹೋಗುವವನಿಗೆ 10182. ಈ ಮೂರನೆಯದರಲ್ಲಿ ಮತ್ತೆ ಮೂರು ಗುರುತು: ಇದ್ದ ಕಡತದ ಮೇಲೆಯೇ ತೀರ್ಮಾನ, 90 ದಿನದೊಳಗೆ ಪುರಾವೆ ಸೇರಿಸುವುದು, ಅಥವಾ ನ್ಯಾಯಾಧೀಶರ ಮುಂದೆ ವಿಚಾರಣೆ. ಮೊದಲ ಎರಡು ದಾರಿಗಳಲ್ಲಿ ಸರಾಸರಿ 125 ದಿನ, ಮಂಡಳಿಯ ನೇರ ದಾರಿಯಲ್ಲಿ 365 ದಿನ ಎಂದು ಇಲಾಖೆ ಗುರಿಯಿಟ್ಟುಕೊಂಡಿತು.

ಮೂರು ದಾರಿಯಾದ್ದರಿಂದ ಆರಿಸುವ ಹೊರೆ ಸೈನಿಕನ ಮೇಲೆ ಬಿತ್ತು. ವೈದ್ಯರ ಹೊಸ ಚೀಟಿ ಕೈಯಲ್ಲಿದ್ದೂ 20-0996ಕ್ಕೆ ಹೋದವನ ಚೀಟಿಯನ್ನು ಅಲ್ಲಿ ಯಾರೂ ನೋಡುವುದಿಲ್ಲ. ಇದಕ್ಕೆ ಪರಿಹಾರವಾಗಿ ಅದೇ ಕಾನೂನು ತೀರ್ಮಾನದ ಪತ್ರವನ್ನೂ ತಿದ್ದಿತು. ಯಾವ ಪುರಾವೆ ನೋಡಿದೆವು, ನಿಮ್ಮ ಪರವಾಗಿ ಏನನ್ನು ಒಪ್ಪಿದೆವು, ಏನು ಸಾಲದೆ ತಳ್ಳಿಹಾಕಿದೆವು ಎಂದು ಪತ್ರದಲ್ಲಿ ಬರೆಯಲೇಬೇಕು. ಫಾರಂ ತಿದ್ದುವುದೆಂದರೆ ಖಾಲಿ ಕಾಗದವನ್ನಷ್ಟೇ ತಿದ್ದಿದರೆ ಸಾಲದು, ಅದರ ಹಿಂದೆ ಬರುವ ಉತ್ತರದ ಕಾಗದವನ್ನೂ ತಿದ್ದಬೇಕು ಎಂಬುದು ನನ್ನ ಅಭಿಪ್ರಾಯ. ಯಾಕೆ ತಿರಸ್ಕಾರವಾಯಿತೆಂದು ತಿಳಿಯದವನು ಎಷ್ಟು ಚೆಂದದ ಫಾರಮನ್ನಾದರೂ ಏನೆಂದು ತುಂಬಿಯಾನು?

ಪ್ರತಿ ಮೂರು ವರ್ಷಕ್ಕೊಮ್ಮೆ ಪರೀಕ್ಷೆ

ಅಮೆರಿಕದಲ್ಲಿ ಕಾಗದಪತ್ರದ ಹೊರೆ ತಗ್ಗಿಸುವ ಕಾನೂನೊಂದಿದೆ. 1980ರಲ್ಲಿ ಬಂದು 1995ರಲ್ಲಿ ಹೊಸದಾಗಿ ಬರೆಯಲ್ಪಟ್ಟಿತು. ಅದರಂತೆ ಕೇಂದ್ರ ಸರಕಾರದ ಇಲಾಖೆಗಳು ಜನರಿಂದ ಮಾಹಿತಿ ಕೇಳುವ ಫಾರಮಿಗೆ ಮೇಲಿನ ಆಯವ್ಯಯ ಕಚೇರಿಯ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಹೆಚ್ಚೆಂದರೆ ಮೂರು ವರ್ಷ ನಡೆಯುತ್ತದೆ. ಮುಂದುವರಿಸಬೇಕಾದರೆ ಗೆಜೆಟ್ಟಿನಲ್ಲಿ ಪ್ರಕಟಿಸಿ ಮೊದಲು 60 ದಿನ, ಆಮೇಲೆ ಮತ್ತೆ 30 ದಿನ ಜನರ ಅಭಿಪ್ರಾಯಕ್ಕೆ ಬಿಡಬೇಕು. ಈ ಮಾಹಿತಿ ನಿಜವಾಗಿ ಬೇಕೆ, ತುಂಬಲು ನಾವು ಹೇಳಿದಷ್ಟೇ ಹೊತ್ತು ಹಿಡಿಯುತ್ತದೆಯೇ, ಇನ್ನೂ ಸ್ಪಷ್ಟ ಮಾಡುವುದು ಹೇಗೆ, ಹೊರೆ ಇಳಿಸುವುದು ಹೇಗೆ ಎಂದು ಜನರನ್ನೇ ಕೇಳಬೇಕು. ತುಂಬಲು ಎಷ್ಟು ನಿಮಿಷ ಬೇಕೆಂಬ ಅಂದಾಜನ್ನು ಫಾರಮಿನ ಮೇಲೆಯೇ ಅಚ್ಚು ಹಾಕುತ್ತಾರೆ. ನಮ್ಮ ಕೆಲವು ಫಾರಮುಗಳ ಮೇಲೆ ಹೀಗೆ ಅಚ್ಚು ಹಾಕಿದರೆ ಗಂಟೆಗಳಲ್ಲಿ ಬರೆಯಬೇಕಾದೀತು!

ನಮ್ಮಲ್ಲಿ

ಅಮೆರಿಕದ ಫಾರಮೂ ಅವಧಿಯೂ ನಮ್ಮ ಮಾಜಿ ಸೈನಿಕರಿಗೆ ಅನ್ವಯಿಸುವುದಿಲ್ಲ. ಇಲ್ಲಿ 2007ರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾನೂನಿದೆ. ಇಲಾಖೆಯೊಳಗಿನ ಮೇಲ್ಮನವಿ ಮುಗಿದು ಅಂತಿಮ ಆದೇಶವಾದ ಮೇಲೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಆ ನ್ಯಾಯಮಂಡಳಿಗೆ ಹೋಗಬೇಕು. ಪಿಂಚಣಿಯ ಆದೇಶ ಬಂದಾಗ ಲಕೋಟೆಯನ್ನು ಎಸೆಯದೆ, ಕಾಗದ ಕೈಗೆ ಬಂದ ದಿನವನ್ನು ಅದರ ಮೇಲೆ ಬರೆದಿಟ್ಟು, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿರಿ. ಓದುಬರಹ ಬಲ್ಲ ಹುಡುಗರು ಮನೆಯ ಹಿರಿಯರಿಗೆ ಇಷ್ಟು ನೆರವಾದರೂ ಆಗಬೇಕು.

ಇನ್ನು ತಿದ್ದುವ ಮಾತು. ನಮ್ಮಲ್ಲಿ ಎಷ್ಟೋ ಫಾರಮುಗಳು ನಿಯಮಗಳಿಗೆ ಲಗತ್ತಾಗಿರುತ್ತವೆ. ಕರಡು ಕಾನೂನು, ಕರಡು ನಿಯಮಗಳನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂದು ಕೇಂದ್ರ ಸರಕಾರ 2014ರಲ್ಲಿ ತನ್ನ ಇಲಾಖೆಗಳಿಗೆ ತಿಳಿಸಿದೆ. ರಾಜ್ಯದ ಗೆಜೆಟ್ಟಿನಲ್ಲಿಯೂ ಆಕ್ಷೇಪಣೆ, ಸಲಹೆಗಳನ್ನು ಕೇಳಿ ಕರಡು ನಿಯಮಗಳು ಬರುವುದುಂಟು. ಅವನ್ನು ಓದಿ ಉತ್ತರ ಬರೆಯುವ ರೂಢಿ ಹಳ್ಳಿಗಳಲ್ಲಿ ಇಲ್ಲ. ಅದನ್ನು ಯುವಕ ಸಂಘಗಳು ಹಾಕಿಕೊಡಬಹುದು.

ಬರೆಯುವಾಗ "ಫಾರಂ ಕಷ್ಟವಾಗಿದೆ" ಎಂದಷ್ಟೇ ಬರೆದರೆ ಅದು ಮೇಲೆ ಹೇಳಿದ ಸೈನಿಕನ ಪತ್ರದಂತೆ ಆಗುತ್ತದೆ. ಫಾರಮಿನ ಸಂಖ್ಯೆ ಹೇಳಿ. ಎಷ್ಟನೆಯ ಕಾಲಂ ಎಂದು ಹೇಳಿ. ಅಲ್ಲಿರುವ ಮಾತಿಗೆ ಊರಿನವರು ಏನು ಅರ್ಥ ಮಾಡಿಕೊಂಡರು, ಅದರಿಂದ ಯಾವ ಅರ್ಜಿ ಹಿಂದಕ್ಕೆ ಬಂತು ಎಂದು ಎರಡು ಸಾಲು ಬರೆಯಿರಿ. ಕೊನೆಗೆ, ಆ ಮಾತಿನ ಬದಲಿಗೆ ಯಾವ ಮಾತು ಇರಬೇಕು ಎಂಬುದನ್ನು ನಿಮ್ಮದೇ ಕನ್ನಡದಲ್ಲಿ ಬರೆದು ಕೊಡಿ. ಹಿಂದಕ್ಕೆ ಬಂದ ಅರ್ಜಿಗಳು ನಿಮ್ಮ ಮನೆಯಲ್ಲಿದ್ದರೆ ಮುಂದಿನ ಸಭೆಗೆ ತನ್ನಿರಿ. ಅವುಗಳಲ್ಲಿ ಒಂದನ್ನು ತೆಗೆದುಕೊಂಡು ಎಲ್ಲರೂ ಕೂತು ಇದೇ ರೀತಿ ಬರೆದು ನೋಡೋಣ.